ಹಳೆ ಬಟ್ಟೆ ಕೊಡುವ ಮುಂಚೆ ಹೊಲಿಗೆ ಮುಟ್ಟಿ ನೋಡಿ

ಬಡವರಿಗೆಂದು ನಡೆಸುವ ಹಳೆ ಬಟ್ಟೆ ಅಂಗಡಿಗೆ ಮಳೆಗಾಲದಲ್ಲಿ ಬರುವ ಗಂಟು ಬಿಚ್ಚಿದರೆ ಮೊದಲು ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ. ಅರೆಒಣಗಿದ ಒಂದು ಪ್ಯಾಂಟು ಸಾಕು, ಗಂಟಿನಲ್ಲಿರುವ ಉಳಿದ ಬಟ್ಟೆಗೂ ಬೂಷ್ಟು ಹತ್ತುತ್ತದೆ. ಹತ್ತಿಪ್ಪತ್ತು ರೂಪಾಯಿಗೆ ಕೊಳ್ಳುವವರೂ ಮೂಸಿ ನೋಡಿಯೇ ಕೊಳ್ಳುತ್ತಾರೆ.

ಮೊದಲು ಆರಿಸಿ. ಜಿಪ್ಪು ಕೆಟ್ಟಿದ್ದರೆ ಸರಿಮಾಡಿಸಿ, ಇಲ್ಲವೇ ಮನೆಯಲ್ಲೇ ಒರೆಸುವ ಬಟ್ಟೆ ಮಾಡಿಕೊಳ್ಳಿ. ಉಟ್ಟ ಒಳಉಡುಪು ಬೇಡವೇ ಬೇಡ.

ತೊಳೆಯಲು ಯಾವ ಸೋಪಾದರೂ ಆದೀತು. ಕಡಲಿಗಿಳಿದ ಬಟ್ಟೆಯನ್ನು ಮಾತ್ರ ಸಿಹಿನೀರಲ್ಲಿ ಎರಡು ಸಲ ಜಾಲಿಸಿ. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ.

ಬೂಷ್ಟು ಬಂದದ್ದನ್ನು ಅಂಗಳಕ್ಕೆ ಒಯ್ದು ಒಣ ಬ್ರಶ್ಶಿನಲ್ಲಿ ಉದುರಿಸಿ. ಒಂದು ಲೋಟ ಬಿಳಿ ವಿನೆಗರಿಗೆ ನಾಲ್ಕು ಲೋಟ ನೀರು ಬೆರೆಸಿ ಒಂದು ತಾಸು ನೆನೆಸಿ, ಆಮೇಲೆ ತೊಳೆಯಿರಿ. ಇದಕ್ಕೆ ಬ್ಲೀಚ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಆಗಲೂ ಕಪ್ಪು ಚುಕ್ಕೆ ಹೋಗದಿದ್ದರೆ ಅಂಥದ್ದನ್ನು ಒರೆಸುವ ಬಟ್ಟೆಯಾಗಿ ಗ್ಯಾರೇಜಿಗೆ ಕೊಡಿ.

ಎಲ್ಲರೂ ಎಡವುವುದು ಒಣಗಿಸುವಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಬಿಸಿಲನ್ನು ನಂಬುವಂತಿಲ್ಲ. ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಹೊರಕ್ಕೆಳೆದು, ಫ್ಯಾನಿನ ಕೆಳಗೆ ಎರಡು ರಾತ್ರಿ ಹರವಿ. ಶಿರಸಿ ಕಡೆ ಬಚ್ಚಲ ಒಲೆಯ ಮೇಲೆ ಹಾಕುವವರಿದ್ದಾರೆ. ಬೇಗ ಒಣಗುತ್ತದೆ ನಿಜ, ಹೊಗೆ ವಾಸನೆ ಮಾತ್ರ ಬಿಡದು. ಮೇಲ್ಮೈ ಒಣಗಿತೆಂದು ಮಡಚಬೇಡಿ. ಸೊಂಟಪಟ್ಟಿ, ಕಾಲರು, ಜೇಬಿನ ಮೂಲೆ, ಪ್ಯಾಂಟಿನ ತೊಡೆಸಂದು, ಈ ದಪ್ಪ ಹೊಲಿಗೆಗಳಲ್ಲಿ ನೀರು ಕೂತಿರುತ್ತದೆ. ಅಲ್ಲಿ ನೀರು ಹಾಕದೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ: ಆವಿ ಎದ್ದರೆ ಇನ್ನೊಂದು ರಾತ್ರಿ ಬೇಕು. ಇಸ್ತ್ರಿಯಾದ ಮೇಲೂ ಪೂರಾ ಆರಲಿ. ಬಿಸಿ ಬಟ್ಟೆಯನ್ನು ಕಟ್ಟಿಟ್ಟರೆ ಒಳಗೇ ಬೆವರುತ್ತದೆ.

ತುಂಬಲು ಬಟ್ಟೆಚೀಲವೇ ಸರಿ. ಬಾಯಿ ಬಿಗಿದ ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಕೂಡಿಹಾಕುತ್ತದೆ. ನುಸಿಗುಳಿಗೆ ಹಾಕಲೇಬೇಡಿ: ತೇವ ಹೋಗದು, ವಾಸನೆ ಉಳಿಯುತ್ತದೆ, ಎಳೆಮಕ್ಕಳಿಗೂ ಒಳ್ಳೆಯದಲ್ಲ. ಒಣಗಿದ ಬೇವಿನ ಸೊಪ್ಪು ಸಾಕು. ಸಮವಸ್ತ್ರವಾದರೆ ಅಂಗಿ-ಚಡ್ಡಿ ಜೊತೆ ಮಾಡಿ ಕಟ್ಟಿ, ಅಳತೆ ಬರೆದ ಚೀಟಿಯನ್ನು ಪಿನ್ನಿನಲ್ಲಿ ಸಿಕ್ಕಿಸಿ.

ಸಮವಸ್ತ್ರ, ರೇನ್‌ಕೋಟು ಮೇ ಮೊದಲ ವಾರವೇ ಅಂಗಡಿ ಸೇರಲಿ, ಶಾಲೆ ಶುರುವಾದ ಮೇಲೆ ಬಂದರೆ ಕಪಾಟಿನಲ್ಲೇ ಉಳಿಯುತ್ತವೆ. ಸ್ವೆಟರು ನವೆಂಬರಿನಲ್ಲಿ ಶಿರಸಿಗೆ ಕಳಿಸಿ, ಕರಾವಳಿಯಲ್ಲಿ ದಪ್ಪ ಉಣ್ಣೆ ಕೇಳುವವರಿಲ್ಲ. ಅಂಗಡಿ ತೆರೆದಿರುವಾಗಲೇ ಹೋಗಿ. ಮುಚ್ಚಿದ ಶಟರಿನ ಮುಂದಿಟ್ಟು ಬಂದ ಗಂಟು ರಾತ್ರಿ ಒಂದು ಮಳೆಗೆ ಸಿಕ್ಕರೆ ಮತ್ತೆ ವಿನೆಗರಿನಿಂದಲೇ ಶುರು ಮಾಡಬೇಕು.