ರಿಪೋರ್ಟ್ ಬರುವವರೆಗೆ ಹೇಗಿರಬೇಕು: ಯಹೂದಿ ಅಜ್ಜಿ ಕಲಿಸಿದ್ದು

ನಾನು ಧಾರವಾಡದವಳು. ಇಸ್ರೇಲಿನ ಹೈಫಾದಲ್ಲಿ ಆರು ವರ್ಷ ಒಬ್ಬ ಯಹೂದಿ ಅಜ್ಜಿಯ ಆರೈಕೆ ಮಾಡಿದ್ದೇನೆ. ಹೋದ ವರ್ಷ ನಮ್ಮ ಮನೆಯವರ ಗಂಟಲಲ್ಲಿ ಗಂಟು ಕಾಣಿಸಿತು. ಬಯಾಪ್ಸಿ ಮಾಡಿ, ರಿಪೋರ್ಟಿಗೆ ಹತ್ತು ದಿನ ಎಂದರು. ನೀವೂ ಹೀಗೇ ಏನಾದರೂ ಕಾಯುತ್ತಿದ್ದರೆ, ಅಜ್ಜಿಯಿಂದ ಕಲಿತದ್ದನ್ನು ಹೇಳುತ್ತೇನೆ.

ಎಚ್ಚರವಾದ ಕೂಡಲೇ ಮೊಬೈಲ್ ಮುಟ್ಟಬೇಡಿ. ಅಜ್ಜಿ ಹಾಸಿಗೆಯಲ್ಲೇ 'ಮೋದಾ ಅನಿ' ಎನ್ನುತ್ತಿದ್ದರು. ಗಂಡಸರು 'ಮೋದೆ ಅನಿ' ಎನ್ನುತ್ತಾರೆ. ದೇವರೇ, ನನ್ನ ಜೀವ ನನಗೆ ತಿರುಗಿ ಕೊಟ್ಟೆಯಲ್ಲ, ನಿನ್ನ ಉಪಕಾರ ಎಂದು ಅದರ ಭಾವ. ನಾನು ಕನ್ನಡದಲ್ಲೇ ಹೇಳಿಕೊಂಡೆ.

ಇನ್ನು ಮನ್ನಾ ಕಥೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಈಜಿಪ್ಟ್ ಬಿಟ್ಟು ಬಂದ ಅವರ ಪೂರ್ವಜರಿಗೆ ಮರುಭೂಮಿಯಲ್ಲಿ ದಿನಾ ಬೆಳಗ್ಗೆ ಆಕಾಶದಿಂದ ಮನ್ನಾ ಎಂಬ ಆಹಾರ ಸಿಗುತ್ತಿತ್ತು ಎನ್ನುತ್ತದೆ ಯಹೂದಿಗಳ ಧರ್ಮಗ್ರಂಥ ತೋರಾ. ಆ ದಿನಕ್ಕೆ ಬೇಕಾದಷ್ಟೇ ಆರಿಸಿಕೊಳ್ಳಬೇಕು. ನಾಳೆಗೆ ಅಂತ ಇಟ್ಟರೆ ಹುಳ ಬೀಳುತ್ತಿತ್ತು. ಆದರೆ ಆರನೇ ದಿನ ಎರಡು ಪಾಲು, ಯಾಕಂದರೆ ಮರುದಿನ ಶಬ್ಬಾತ್, ಅಂದರೆ ಅವರ ವಾರದ ವಿಶ್ರಾಂತಿ ದಿನ. ಆ ಎರಡನೇ ಪಾಲು ಕೆಡುತ್ತಿರಲಿಲ್ಲ. ನಾಳೆಗೆ ತಯಾರಿಯೇ ಬೇಡ ಅಂತ ಅಲ್ಲ, ನೋಡಿ. ಸುಮ್ನೆ ಕೂಡಿಟ್ಟ ಚಿಂತೆಗೆ ಮಾತ್ರ ಹುಳ.

ಹಾಗಾಗಿ ದಿನಾ ಬೆಳಗ್ಗೆ ಒಂದು ಚೀಟಿ ಬರೆಯಿರಿ. ಇವತ್ತು ಕೈಯಿಂದ ಆಗುವ ಕೆಲಸ ಮಾತ್ರ. ನನ್ನ ಮೊದಲ ಚೀಟಿ: ವಿಮೆಯ ಕಾಗದ ಹುಡುಕುವುದು, ಮೈದುನನಿಗೆ ಫೋನ್, ಸೂಪರ್ ಮಾರ್ಕೆಟ್ಟಿನಿಂದ ಮೆಂತ್ಯದ ಸೊಪ್ಪು. 'ಕ್ಯಾನ್ಸರ್ ಆಗಿದ್ದರೆ?' ಎಂಬುದರಲ್ಲಿ ಮಾಡುವ ಕೆಲಸವೇ ಇಲ್ಲ, ಅದನ್ನು ಬರೆಯಲಿಲ್ಲ. ಆದರೂ ಅದು ಬರುತ್ತದೆ, ರಾತ್ರಿ ಜಾಸ್ತಿ. ಬಂದಾಗ ಕೈಗೆ ಕೆಲಸ ಕೊಡಿ. ನಾನು ರೊಟ್ಟಿ ಬಡಿದೆ. ಮನಸ್ಸು ಅತ್ತ ಹೋದರೆ ಅಂಚು ಹರಿಯುತ್ತದೆ, ಮತ್ತೆ ಇತ್ತ ಬರಲೇಬೇಕು.

ವಾರಕ್ಕೊಂದು ದಿನ ಚೀಟಿಯೂ ಬೇಡ. ಶಬ್ಬಾತಿಗೆಂದು ಅಜ್ಜಿ ಶುಕ್ರವಾರ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಮೇಣದಬತ್ತಿ ಹಚ್ಚುತ್ತಿದ್ದರು. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಅಡುಗೆ, ದುಡ್ಡು, ಫೋನ್ ಏನೂ ಇಲ್ಲ. ಜೀವಕ್ಕೆ ಅಪಾಯ ಬಂದರೆ ಮಾತ್ರ ಶಬ್ಬಾತಿನ ಈ ನಿಯಮಗಳನ್ನು ಮುರಿಯಲೇಬೇಕು, ಅದು ಅವರ ಧರ್ಮದ್ದೇ ಮಾತು. ನಾವು ಅಷ್ಟು ಮಾಡಲಿಲ್ಲ. ದೀಪ ಹಚ್ಚಿದ ಮೇಲೆ ರೋಗದ ಮಾತು ಬಿಟ್ಟೆವು, ಅಷ್ಟೇ. ಶನಿವಾರ ಮನೆಯವರಿಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟೆ. ತಿಂದು, ಎಷ್ಟೋ ದಿನದ ಮೇಲೆ ಮಧ್ಯಾಹ್ನ ಮಲಗಿದರು.

ಹತ್ತನೇ ದಿನದ ಚೀಟಿಯಲ್ಲಿ ಎರಡೇ ಇದ್ದವು: ಹುಬ್ಬಳ್ಳಿಗೆ ಹೋಗಿ ರಿಪೋರ್ಟ್ ತರುವುದು, ಬರುವಾಗ ಹಾಲು.