ಒಂದು ‘ಯೆಸ್’ ತಂದ ಪೇಚು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಲೋಹ ಕಡೆಯುವ ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಸಹಿ ಹಾಕುವುದು ನನ್ನ ಕೆಲಸ. ಅಳೆಯುವುದಕ್ಕೆ ಇಂಗ್ಲಿಷ್ ಮಾತು ಬೇಕಿಲ್ಲ. ಆರು ವರ್ಷ ಹೇಗೋ ಸಾಗಿತು. ಒಂದು ದಿನ ಮ್ಯಾನೇಜರ್ ರಜೆಯಲ್ಲಿದ್ದಾಗ ಪುಣೆಯ ಗ್ರಾಹಕರ ಫೋನ್ ನನ್ನ ಕೈಗೆ ಬಂತು. ಸರಕನ್ನು ಇನ್ನೂ ಕಳಿಸಿಲ್ಲವೇ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ‘ಯೆಸ್’ ಎಂದೆ. ಹೌದು, ಕಳಿಸಿಲ್ಲ ಎಂಬುದು ನನ್ನ ಲೆಕ್ಕ. ಹೌದು, ಕಳಿಸಿದ್ದಾರೆ ಎಂಬುದು ಅವರ ಲೆಕ್ಕ. ಹೊರಡದ ಲಾರಿಗಾಗಿ ಅವರು ಎರಡು ದಿನ ಕಾದರು. ಮೂರನೆಯ ದಿನ ಬಂದ ಬೈಗುಳ ಮಾತ್ರ ಯಾವ ಭಾಷೆಯ ತೊಡಕೂ ಇಲ್ಲದೆ ನನಗೆ ಅರ್ಥವಾಯಿತು.

ನನ್ನದು ತಿಪಟೂರಿನ ಕಡೆಯ ಹಳ್ಳಿ. ಇಂಗ್ಲಿಷ್ ಅಕ್ಷರ ಕಂಡದ್ದೇ ಐದನೇ ತರಗತಿಯಲ್ಲಿ. ಡಿಪ್ಲೊಮಾ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲೇ ಬರೆದು ಪಾಸಾಗಿದ್ದೆ. ಓದಿದರೆ ತಿಳಿಯುತ್ತಿತ್ತು, ಬಾಯಿ ಮಾತ್ರ ಏಳುತ್ತಿರಲಿಲ್ಲ. ಫೋನಿನ ಪ್ರಸಂಗವಾದ ಮೇಲೆ ರಾಜಾಜಿನಗರದ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿದೆ. ಮೂರು ವಾರ ಪರಿಸರ ಮಾಲಿನ್ಯದ ಬಗ್ಗೆ ಗುಂಪು ಚರ್ಚೆ ನಡೆಯಿತು. ಮಾಲಿನ್ಯದ ಬಗ್ಗೆ ನನಗೆ ಕನ್ನಡದಲ್ಲೂ ಹೇಳುವುದೇನೂ ಇರಲಿಲ್ಲ. ಬಿಟ್ಟೆ.

ಬದಲಿಗೆ, ಕೆಲಸದಲ್ಲಿ ದಿನವೂ ಕನ್ನಡದಲ್ಲಿ ಆಡುವ ಮಾತುಗಳನ್ನೇ ನೋಟ್ ಪುಸ್ತಕದಲ್ಲಿ ಬರೆಯತೊಡಗಿದೆ. ‘ಈ ರಂಧ್ರದ ವ್ಯಾಸ 25 ಮಿಲಿಮೀಟರ್ ಇರಬೇಕು. 21 ಮೈಕ್ರಾನ್‌ವರೆಗೆ ಹೆಚ್ಚಿದ್ದರೆ ನಡೆಯುತ್ತದೆ. ಇದು 30 ಹೆಚ್ಚಿದೆ.’ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಇಂಥವು ನಲವತ್ತು ಸಿಕ್ಕವು. ಆಶ್ಚರ್ಯವೆಂದರೆ ನನ್ನ ಇಡೀ ಉದ್ಯೋಗ ಆ ನಲವತ್ತರೊಳಗೇ ಇತ್ತು. ಒಂದೊಂದನ್ನೂ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಕಟ್ಟಿ, ರಾತ್ರಿ ಮಹಡಿಯ ಮೇಲೆ ಮೊಬೈಲಿಗೆ ಎರಡು ನಿಮಿಷ ಹೇಳಿ ಕೇಳಿಸಿಕೊಳ್ಳುತ್ತಿದ್ದೆ.

ಮೊದಲ ಸಲ ಕೇಳಿದಾಗ ಮೊಬೈಲನ್ನು ಬಿಸಾಡಬೇಕೆನಿಸಿತು. ಪದದ ಕೊನೆಗೆಲ್ಲ ಒಂದು ‘ಉ’ ಅಂಟಿಕೊಂಡಿತ್ತು: ಪಾರ್ಟು, ಲಾಟು, ಗೇಜು. ಕನ್ನಡದ ನಾಲಿಗೆಗೆ ಸ್ವರವಿಲ್ಲದೆ ಪದ ಮುಗಿಸಿದರೆ ಸಮಾಧಾನವಿಲ್ಲ. ಅದಕ್ಕಿಂತ ದೊಡ್ಡ ದೋಷ ಒತ್ತಿನದು. ನಾವು ಅಕ್ಷರಗಳನ್ನು ಹೆಚ್ಚು ಕಡಿಮೆ ಒಂದೇ ತೂಕದಲ್ಲಿ ಹೇಳುತ್ತೇವೆ. ಇಂಗ್ಲಿಷಿನವರು ಒಂದನ್ನು ಎತ್ತಿ ಉಳಿದವನ್ನು ನುಂಗುತ್ತಾರೆ. ಡಯಾಮೀಟರ್‌ನಲ್ಲಿ ಅವರು ಒತ್ತುವುದು ‘ಆ’ದ ಮೇಲೆ, ‘ಮೀ’ ಬಹುತೇಕ ಮಾಯ. ಆರು ವರ್ಷ ಕೈಯಲ್ಲಿ ಹಿಡಿದ ಅಳತೆಯ ಸಾಧನ ಮೈಕ್ರೋಮೀಟರಿನ ಹೆಸರನ್ನೂ ನಾನು ತಪ್ಪಾಗಿಯೇ ಕರೆಯುತ್ತಿದ್ದೆ. ಅವರ ಬಾಯಲ್ಲಿ ಅದು ‘ಕ್ರಾ’ ಒತ್ತಿದ ಮೈಕ್ರಾಮಿಟರ್. ಒತ್ತನ್ನು ತಿದ್ದಿಕೊಂಡೆ. ಉಳಿದ ಧಾಟಿ ತಿಪಟೂರಿನದೇ ಇದೆ, ಇರಲಿ ಬಿಡಿ.

ಪದಗಳ ಜೋಡಣೆಯನ್ನು ಕಲಿಸಿದ್ದು ಮೆಟ್ರೋ. ಶ್ರೀರಾಮಪುರದಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಪೀಣ್ಯ ಇಂಡಸ್ಟ್ರಿ ಎಂಟನೆಯ ನಿಲ್ದಾಣ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕನ್ನಡ ಮುಗಿಯುತ್ತಲೇ ಇಂಗ್ಲಿಷನ್ನು ನಾನೇ ಮನಸ್ಸಿನಲ್ಲಿ ಹೇಳಿ, ಬಂದದ್ದರ ಜೊತೆ ತಾಳೆ ನೋಡುತ್ತಿದ್ದೆ. ಕನ್ನಡದಲ್ಲಿ ‘ತೆರೆಯುತ್ತದೆ’ ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲು ಬಾಗಿಲು ತೆರೆದುಕೊಳ್ಳುತ್ತದೆ, ಎಡವೋ ಬಲವೋ ಆಮೇಲೆ. ನಾನು ತಡವರಿಸುತ್ತಿದ್ದುದು ಪದ ಸಿಗದೆ ಅಲ್ಲ, ಕ್ರಿಯಾಪದವನ್ನು ಕೊನೆಗೆಂದು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದುದರಿಂದ ಎಂದು ಆಗ ಹೊಳೆಯಿತು. ಯಾರು, ಏನು ಮಾಡಿದರು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಸೇರಿಸಬಹುದು.

ಇಷ್ಟಾದರೂ ಮನುಷ್ಯರ ಎದುರು ಮಾತನಾಡಲೇಬೇಕಲ್ಲ. ನಮ್ಮವರ ಎದುರು ಬಾಯಿ ತೆರೆದರೆ ‘ಏನು ಸಾಹೇಬರೇ’ ಎಂದು ಕಾಲೆಳೆಯುತ್ತಿದ್ದರು. ಪರಊರಿನವರ ಎದುರು ಅಷ್ಟು ನಾಚಿಕೆ ಇರಲಿಲ್ಲ. ಒಡಿಶಾದಿಂದ ಬಂದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಒಬ್ಬರ ಇಂಗ್ಲಿಷೂ ನನ್ನಷ್ಟೇ ಮುರುಕು. ಅವರಿಗೆ ಮನೆಯ ಮಾಲೀಕರೊಂದಿಗೆ ಮಾತನಾಡಲು ಕನ್ನಡ ಬೇಕಿತ್ತು. ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಇಂಗ್ಲಿಷ್, ಹತ್ತು ನಿಮಿಷ ಕನ್ನಡ ಎಂದು ಒಪ್ಪಂದವಾಯಿತು. ಹಿಂದಿಗೆ ಜಾರಿದವರು ಸಂಜೆಯ ಚಹಾ ಕೊಡಿಸಬೇಕು. ಮೊದಲ ತಿಂಗಳು ಚಹಾದ ದುಡ್ಡು ಹೆಚ್ಚಾಗಿ ನನ್ನದೇ.

ಸುಮಾರು ಏಳು ತಿಂಗಳಾದ ಮೇಲೆ ಅದೇ ಪುಣೆಯ ಗ್ರಾಹಕರ ಕಡೆಯವರೊಬ್ಬರು ತಪಾಸಣೆಗೆ ಬಂದರು. ಒಂದು ಗಂಟೆ ಅವರೊಂದಿಗೆ ಅಳತೆ, ಗೇಜು, ತಿರಸ್ಕೃತ ಸರಕು ಎಲ್ಲವನ್ನೂ ಮಾತನಾಡಿದೆ. ‘ಇಲ್ಲವೇ’ ಎಂಬ ಪ್ರಶ್ನೆ ಬಂದಾಗಲೆಲ್ಲ ‘ಯೆಸ್’ ‘ನೋ’ಗಳ ಗೊಡವೆಗೇ ಹೋಗದೆ ಪೂರ್ತಿ ವಾಕ್ಯ ಹೇಳಿದೆ. ಮ್ಯಾನೇಜರ್ ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಊಟಕ್ಕೆ ಕುಳಿತೆವು. ನನ್ನ ಡಬ್ಬಿಯಲ್ಲಿದ್ದ ಬಸ್ಸಾರನ್ನು ನೋಡಿ ಇದೇನು, ಹೇಗೆ ಮಾಡುತ್ತಾರೆ ಎಂದು ಅವರು ಕೇಳಿದರು. ನಲವತ್ತು ವಾಕ್ಯಗಳಲ್ಲಿ ಬಸ್ಸಾರು ಇರಲಿಲ್ಲ. ಸೊಪ್ಪು, ಕಾಳು, ನೀರು ಎಂದು ಮೂರು ಪದ ಹೇಳಿ, ಬಸಿಯುವುದನ್ನು ಕೈಯಲ್ಲಿ ತೋರಿಸಿದೆ. ಅವರು ನಕ್ಕು ಒಂದು ಚಮಚ ಬಡಿಸಿಕೊಂಡರು. ಅಂದು ರಾತ್ರಿ ಮಹಡಿಯ ಮೇಲೆ ನಾಲ್ಕು ಸಲ ರೆಕಾರ್ಡ್ ಮಾಡಿದ್ದು ಬಸ್ಸಾರಿನ ವಿಧಾನವನ್ನೇ.