ರಾಶಿ ಅಡಿಕೆಯನ್ನು ಕಂತಿನಲ್ಲಿ ಮಾರುವ ಲೆಕ್ಕ

ಅಡಿಕೆ ಒಣಗಿ ಚೀಲ ಸೇರಿದ ದಿನವೇ ಮಾರಾಟದ ಲೆಕ್ಕ ಬರೆದಿಡಿ. ಧಾರಣೆ ಏರುವಾಗ ಹಾಕಿದ ಲೆಕ್ಕದಲ್ಲಿ ಆಸೆ ಸೇರಿಕೊಳ್ಳುತ್ತದೆ, ಇಳಿಯುವಾಗ ಹೆದರಿಕೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಇರುತ್ತವೆ. ಗರಿಷ್ಠ ಬೆಲೆ ಒಂದೆರಡು ಒಳ್ಳೆಯ ಲಾಟಿಗಷ್ಟೇ ಸಿಕ್ಕಿರಬಹುದು. ನೋಡಬೇಕಾದದ್ದು ಮಾದರಿ ಬೆಲೆ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ, ಅದೂ ನಿಮ್ಮದೇ ದರ್ಜೆಯದು. ಸರಕು, ಬೆಟ್ಟೆ, ಗೊರಬಲು ಎಂಬ ಬೇರೆ ದರ್ಜೆಗಳು ಏರಿದ ಮಾತ್ರಕ್ಕೆ ರಾಶಿ ಇಡಿ ದರ್ಜೆಯೂ ಏರಬೇಕೆಂದಿಲ್ಲ.

ನಿಮ್ಮಲ್ಲಿ 10 ಕ್ವಿಂಟಲ್ ರಾಶಿ ಇಡಿ ಇದೆ, ಮಾದರಿ ಬೆಲೆ ಕ್ವಿಂಟಲಿಗೆ 50,000 ರೂಪಾಯಿ ಎಂದಿಟ್ಟುಕೊಳ್ಳಿ. 3 ಕ್ವಿಂಟಲ್ ಕೂಡಲೇ ಕೊಡಿ. ಗೊನೆ ಕೊಯ್ಲು, ಸುಲಿತದ ಕೂಲಿ, ಸಾಲದ ಕಂತು, ಕೊಳೆರೋಗ ತಡೆಯಲು ಮಳೆಗೆ ಮುಂಚೆ ಮಾಡುವ ಬೋರ್ಡೊ ದ್ರಾವಣದ ಸಿಂಪಡಣೆ ಎಲ್ಲ ಇದರಲ್ಲಿ ತೀರಬೇಕು. ತೀರದಿದ್ದರೆ 4 ಕೊಡಿ. ಈ ಕಂತಿಗೆ ಬೆಲೆ ಕಾಯುವ ಮಾತೇ ಬೇಡ. 55,000 ಮುಟ್ಟಿದಾಗ 2 ಕ್ವಿಂಟಲ್, 60,000ಕ್ಕೆ ಇನ್ನೆರಡು. ಮಿಕ್ಕ 3 ಕ್ವಿಂಟಲಿಗೆ ಮೇಲಿನ ಗುರಿ ಇಡಬೇಡಿ, ಏರುವಷ್ಟು ಏರಲಿ.

ಆದರೆ ಮಾರದೆ ಉಳಿದ ಅಷ್ಟೂ ಮಾಲಿಗೆ ಕೆಳಗಿನ ಗೆರೆ ಒಂದು ಬೇಕು: ತುದಿ ಮುಟ್ಟಿದ ಬೆಲೆಯಿಂದ ಶೇ 10 ಇಳಿದರೆ ಮಾರುಕಟ್ಟೆಯ ಮುಂದಿನ ಟೆಂಡರಿಗೇ (ವರ್ತಕರು ಬೆಲೆ ಬರೆದು ಕೊಡುವ ಹರಾಜಿಗೇ) ಇಟ್ಟುಬಿಡುವುದು. ಶುರುವಿನಿಂದಲೇ ಇಳಿದರೆ ಗೆರೆ 45,000. ಬೆಲೆ 58,000ದವರೆಗೆ ಹೋಗಿ ಹಿಂತಿರುಗಿದರೆ ಗೆರೆ 52,200. ಉಳಿದ 5 ಕ್ವಿಂಟಲ್ ಆ ಬೆಲೆಗೆ ಹೋದರೂ ಒಟ್ಟು 5,21,000, ಸರಾಸರಿ 52,100. ಹೆಚ್ಚಿನವರು ಎಡವುವುದು ಇಲ್ಲೇ. 60,000ಕ್ಕೆ ಎರಡೇ ಸಾವಿರ ಕಡಿಮೆ ಇತ್ತಲ್ಲ ಎಂದು ಕಾಯುತ್ತ 50,000ಕ್ಕಿಂತ ಕೆಳಗೆ ಮಾರುತ್ತಾರೆ.

ಕಾಯುವುದಕ್ಕೂ ಖರ್ಚಿದೆ. ಶೇ 12ರ ಬಡ್ಡಿಯಾದರೆ 50,000ಕ್ಕೆ ತಿಂಗಳಿಗೆ 500, ಆರು ತಿಂಗಳಿಗೆ 3,000. ಒಣಗಿ ಶೇ 2 ತೂಕ ಇಳಿದರೆ ಮತ್ತೆ 1,000. ಅಂದರೆ 54,000ಕ್ಕೆ ಮಾರಿದರೂ ಲಾಭವಿಲ್ಲ. ಮ್ಯಾಮ್ಕೋಸ್‌ನಂಥ ಸಹಕಾರ ಸಂಘದಲ್ಲಿ ದಾಸ್ತಾನಿನ ಮೇಲೆ ಮುಂಗಡ ಪಡೆಯುವ ಮೊದಲು ಈ ಲೆಕ್ಕ ಹಾಕಿ.

ಮನೆಯಲ್ಲೇ ಇಡುವುದಾದರೆ ಮಲೆನಾಡಿನ ಜೂನ್–ಜುಲೈ ತೇವವೇ ಶತ್ರು. ಹಸಿ ಉಳಿದ ಅಡಿಕೆಗೆ ಬೂಷ್ಟು ಹಿಡಿದು ದರ್ಜೆಯೇ ಬಿದ್ದುಹೋಗುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಗೋಣಿಚೀಲ, ಕೆಳಗೆ ಮರದ ಹಲಗೆ, ಗೋಡೆಯಿಂದ ಒಂದಡಿ ದೂರ. ಅಟ್ಟದ ಜಾಗ ನೆಚ್ಚುವಂತಿಲ್ಲದಿದ್ದರೆ ಕೊನೆಯ ಕಂತನ್ನು ಮೇ ತಿಂಗಳಲ್ಲೇ ಮುಗಿಸಿ.

ಒಂದೊಂದೇ ಚೀಲ ಸಾಗಿಸಬೇಡಿ, ಬಾಡಿಗೆಯೇ ಲಾಭ ತಿನ್ನುತ್ತದೆ. ಟೆಂಡರ್ ಬೆಲೆ ಒಪ್ಪಿಗೆಯಾಗದಿದ್ದರೆ ಆ ದಿನ ಮಾರಾಟ ಬೇಡವೆನ್ನಬಹುದು, ಆದರೆ ಗೆರೆ ದಾಟಿ ಇಳಿದಾಗ ಹಾಗೆ ಹೇಳಬೇಡಿ. ಬಿಲ್ಲಿನಲ್ಲಿ ತೂಕ, ದರ್ಜೆ, ಕಡಿತ ಮೂರನ್ನೂ ತಾಳೆ ನೋಡಿ, ಮುಂದಿನ ಕಂತಿನ ಬೆಲೆಯನ್ನು ಅದರ ಹಿಂಬದಿಯಲ್ಲೇ ಬರೆದಿಡಿ.